ಜನಸಂದಣಿ ಇಲ್ಲದ ಕಣಿವೆ, ಬೆಟ್ಟಗಳನ್ನು ಹುಡುಕುವುದು ಹೇಗೆ? ಅಮೆರಿಕದ ಪಶ್ಚಿಮದಲ್ಲಿ ಹಲವು ದಿನಗಳ ಚಾರಣಕ್ಕೆ ಸಮಗ್ರ ಮಾರ್ಗದರ್ಶಿ

ಆಗಸ್ಟ್ ತಿಂಗಳ ಯಾವುದಾದರೂ ಶನಿವಾರ ವಯೋಮಿಂಗ್‌ನ ಬಿಗ್ ಸ್ಯಾಂಡಿ ಟ್ರೈಲ್‌ಹೆಡ್‌ಗೆ, ಅಂದರೆ ಚಾರಣದ ದಾರಿ ಶುರುವಾಗುವ ಜಾಗಕ್ಕೆ, ಹೋಗಿ ನೋಡಿ. ಪಾರ್ಕಿಂಗ್ ತುಂಬಿ, ಮಣ್ಣುರಸ್ತೆಯ ಅಂಚಿನಲ್ಲೂ ಕಾರುಗಳು ಸಾಲಾಗಿ ನಿಂತಿರುತ್ತವೆ. ಹೆಚ್ಚಿನವರು ಹೊರಟಿರುವುದು ಸರ್ಕ್ ಆಫ್ ದಿ ಟವರ್ಸ್ ಎಂಬ ಕಲ್ಲಿನ ಗೋಪುರಗಳ ಮಡಿಲಿಗೆ. ಅದೇ ವಿಂಡ್ ರಿವರ್ ಬೆಟ್ಟಸಾಲಿನಲ್ಲಿ ಇನ್ನಷ್ಟು ಉತ್ತರಕ್ಕೆ ಹೋಗಿ ನ್ಯೂ ಫೋರ್ಕ್ ಲೇಕ್ಸ್ ಕಡೆಯಿಂದ ನಡೆಯತೊಡಗಿದರೆ ಕಥೆಯೇ ಬೇರೆ. ಅದೇ ಗ್ರಾನೈಟ್, ಅಂಥದ್ದೇ ತೊರೆಗಳು. ಜನ ಮಾತ್ರ ತೀರಾ ಕಡಿಮೆ.

ಹೀಗೆ ಯಾಕೆ ಆಗುತ್ತದೆ ಅಂತ ನಾನು ತುಂಬಾ ವರ್ಷ ಯೋಚಿಸಿದ್ದೇನೆ. ಮೊದಮೊದಲು ಯಾರಿಗೂ ಗೊತ್ತಿಲ್ಲದ ಗುಟ್ಟಿನ ಜಾಗಗಳು ಎಲ್ಲೋ ಇರುತ್ತವೆ, ಅವನ್ನು ಹುಡುಕಬೇಕು ಅಂದುಕೊಂಡಿದ್ದೆ. ಅಂಥ ಜಾಗಗಳು ಇಲ್ಲವೇ ಇಲ್ಲ ಅನ್ನಬಹುದು. ಎಲ್ಲವೂ ನಕ್ಷೆಯಲ್ಲಿವೆ. ಖಾಲಿ ಇರುವ ಪ್ರತಿ ಜಾಗಕ್ಕೂ ಖಾಲಿ ಇರಲು ಒಂದು ಕಾರಣ ಇರುತ್ತದೆ. ನೀರಿಲ್ಲ, ರಸ್ತೆ ಸರಿಯಿಲ್ಲ, ಮೊದಲ ದಿನದ ನಡಿಗೆ ಸಪ್ಪೆ, ಬಿದ್ದ ಮರ ಜಾಸ್ತಿ, ಇಲ್ಲವೇ ಪರ್ಮಿಟ್ ಸಿಗುವುದು ಕಷ್ಟ. ನಿಮ್ಮ ಕೆಲಸ ಆ ಕಾರಣವನ್ನು ಮನೆಯಲ್ಲೇ ಕೂತು ಪತ್ತೆ ಮಾಡುವುದು. ಆಮೇಲೆ ಆ ತೊಂದರೆಯನ್ನು ನಾನು ಸುರಕ್ಷಿತವಾಗಿ ಹೊರಬಲ್ಲೆನೇ ಅಂತ ಪ್ರಾಮಾಣಿಕವಾಗಿ ಕೇಳಿಕೊಳ್ಳುವುದು. ಇಡೀ ಮಾರ್ಗದರ್ಶಿ ಇದೇ ಪ್ರಶ್ನೆಯ ಸುತ್ತ ಇದೆ.

ಒಂದೆರಡು ರಾತ್ರಿ ಹೊರಗೆ ಟೆಂಟ್ ಹಾಕಿ ಮಲಗಿದ ಅನುಭವ ನಿಮಗಿದೆ, ಬೆನ್ನಚೀಲ ಹೊತ್ತು ದಿನಕ್ಕೆ ಎಂಟು ಹತ್ತು ಮೈಲಿ ನಡೆಯಬಲ್ಲಿರಿ ಅಂತ ಅಂದುಕೊಂಡು ಬರೆಯುತ್ತಿದ್ದೇನೆ.

ಹೆಜ್ಜೆ 1: ಜನ ಎಲ್ಲಿ ಸೇರುತ್ತಾರೆ ಅಂತ ಗುರುತು ಮಾಡಿ

ಜನ ಸೇರುವ ದಾರಿಗಳಿಗೆ ಒಂದೇ ಥರದ ಲಕ್ಷಣಗಳಿರುತ್ತವೆ. ಡಾಂಬರು ರಸ್ತೆ ಟ್ರೈಲ್‌ಹೆಡ್‌ವರೆಗೂ ಬರುತ್ತದೆ. ಒಂದು ದಿನದ ನಡಿಗೆಯೊಳಗೆ ಸರೋವರವೋ, ಜಲಪಾತವೋ, ಬಿಸಿನೀರಿನ ಬುಗ್ಗೆಯೋ ಸಿಗುತ್ತದೆ. ಹೋದ ದಾರಿಯಲ್ಲೇ ವಾಪಸ್ ಬರಬೇಕಿಲ್ಲ, ಸುತ್ತು ಹಾಕಿ ಕಾರಿನ ಹತ್ತಿರಕ್ಕೇ ಬರಬಹುದು. ಮತ್ತೆ, ದಾರಿಗೆ ಬಾಯಲ್ಲಿ ನಿಲ್ಲುವ ಒಂದು ಹೆಸರಿರುತ್ತದೆ.

ಹೆಸರಿನ ಸೆಳೆತವನ್ನು ಕಡಿಮೆ ಅಂದುಕೊಳ್ಳಬೇಡಿ. ಕೊಲೊರಾಡೊದ ಮರೂನ್ ಬೆಲ್ಸ್ ಸುತ್ತ ಇರುವ ಫೋರ್ ಪಾಸ್ ಲೂಪ್ ಸುಮಾರು 27 ಮೈಲಿಯ ಸುತ್ತು. ನಾಲ್ಕೂ ಪಾಸ್‌ಗಳು, ಅಂದರೆ ಬೆಟ್ಟ ದಾಟುವ ತಗ್ಗುಗಳು, 12,000 ಅಡಿಗಿಂತ ಎತ್ತರ. ನಿಜಕ್ಕೂ ಚೆಂದದ ದಾರಿ. ಆದರೆ ಜನ ಎಷ್ಟಾದರು ಅಂದರೆ, ಈಗ ಅಲ್ಲಿ ರಾತ್ರಿ ತಂಗಲು ಮೊದಲೇ ಪರ್ಮಿಟ್ ಪಡೆಯಬೇಕು. 'ಅತಿ ಎತ್ತರ' ಅನ್ನುವ ಬಿರುದಿಗೂ ಇದೇ ಸೆಳೆತ. ಯೂಟಾದ ಅತಿ ಎತ್ತರದ ಶಿಖರ ಕಿಂಗ್ಸ್ ಪೀಕ್, 13,528 ಅಡಿ. ಅದಕ್ಕೆ ಹೋಗುವ ಹೆನ್ರೀಸ್ ಫೋರ್ಕ್ ಕಣಿವೆಯಲ್ಲಿ ಬೇಸಿಗೆಯ ವಾರಾಂತ್ಯ ಟೆಂಟ್‌ಗಳು ತುಂಬಿರುತ್ತವೆ. ಆ ಶಿಖರವಿರುವ ಯೂಯಿಂಟಾ ಬೆಟ್ಟಗಳಲ್ಲಿ ಅಂಥ ಕಣಿವೆಗಳು ಸಾಲುಸಾಲಾಗಿವೆ. ಬಿರುದಿಲ್ಲದ ಶಿಖರಗಳ ಕೆಳಗಿನ ಕಣಿವೆಗಳನ್ನು ಕೇಳುವವರೇ ಕಡಿಮೆ.

ಹಾಗಾಗಿ ಮೊದಲು ಹೀಗೆ ಮಾಡಿ. ನಿಮಗೆ ಇಷ್ಟವಾದ ಒಂದು ಬೆಟ್ಟಸಾಲಿನ ನಕ್ಷೆ ತೆಗೆಯಿರಿ. ಪ್ರಸಿದ್ಧ ಸರೋವರ, ಅತಿ ಎತ್ತರದ ಶಿಖರ, ಹೆಸರಿರುವ ಲೂಪ್, ಬಿಸಿನೀರಿನ ಬುಗ್ಗೆ, ಡಾಂಬರು ರಸ್ತೆಯ ಕೊನೆ, ಇವಕ್ಕೆಲ್ಲ ಕೆಂಪು ಸುತ್ತು ಹಾಕಿ. ಚಾರಣದ ಆ್ಯಪ್‌ಗಳಲ್ಲಿ ಯಾವ ದಾರಿಗೆ ಸಾವಿರಾರು ವಿಮರ್ಶೆಗಳಿವೆ ನೋಡಿ, ಅದಕ್ಕೂ ಸುತ್ತು ಹಾಕಿ. ಉಳಿದ ಬಿಳಿ ಜಾಗವೇ ನಿಮ್ಮ ಹುಡುಕಾಟದ ಮೈದಾನ. ಅಲ್ಲಿ ಹತ್ತು ಇಪ್ಪತ್ತು ವಿಮರ್ಶೆಗಳಷ್ಟೇ ಇರುವ ದಾರಿಗಳನ್ನು ಒಂದೊಂದಾಗಿ ಓದಿ. "ದಾರಿ ಸಿಗಲಿಲ್ಲ", "ಸೊಳ್ಳೆ ವಿಪರೀತ", "ಮೊದಲ ಐದು ಮೈಲಿ ಬರೀ ಕಾಡು, ನೋಟವೇ ಇಲ್ಲ" ಅನ್ನುವ ದೂರುಗಳಿಗೆ ನಾನು ತುಂಬಾ ಬೆಲೆ ಕೊಡುತ್ತೇನೆ. ಖಾಲಿ ಇರುವ ಕಾರಣ ಆ ದೂರಿನಲ್ಲೇ ಇರುತ್ತದೆ.

ಮಣ್ಣುರಸ್ತೆ ಇದ್ದರೆ ಜನ ಇರುವುದಿಲ್ಲ ಅಂತ ಮಾತ್ರ ನಂಬಿಕೊಂಡು ಹೋಗಬೇಡಿ. ಬಿಗ್ ಸ್ಯಾಂಡಿಗೆ ಹೋಗುವುದೂ ಉದ್ದದ ಮಣ್ಣುರಸ್ತೆಯಲ್ಲೇ. ಕೊನೆಯಲ್ಲಿ ಸಿಗುವ ನೋಟ ಅಷ್ಟು ಪ್ರಸಿದ್ಧವಾದರೆ ಜನ ಧೂಳು ಕುಡಿದುಕೊಂಡೇ ಬರುತ್ತಾರೆ.

ಹೆಜ್ಜೆ 2: ಜಮೀನು ಯಾರ ಕೈಯಲ್ಲಿದೆ ನೋಡಿ

ಬಹಳ ಜನ ರಾಷ್ಟ್ರೀಯ ಉದ್ಯಾನಗಳ ಹೆಸರು ಹಿಡಿದು ಯೋಜನೆ ಶುರು ಮಾಡುತ್ತಾರೆ. ನ್ಯಾಷನಲ್ ಪಾರ್ಕ್ ಸರ್ವಿಸ್ ನೋಡಿಕೊಳ್ಳುವ ಜಮೀನು ಸುಮಾರು 8.5 ಕೋಟಿ ಎಕರೆ. ಫಾರೆಸ್ಟ್ ಸರ್ವಿಸ್ ಕೈಯಲ್ಲಿ ಸುಮಾರು 19.3 ಕೋಟಿ ಎಕರೆ ಇದೆ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಅಂದರೆ ಬಿಎಲ್‌ಎಂ, ಸುಮಾರು 24.5 ಕೋಟಿ ಎಕರೆ ನೋಡಿಕೊಳ್ಳುತ್ತದೆ. ಗ್ರ್ಯಾಂಡ್ ಕ್ಯಾನ್ಯನ್ ಉದ್ಯಾನ ಒಂದಕ್ಕೇ 2024ರಲ್ಲಿ ಸುಮಾರು 49 ಲಕ್ಷ ಭೇಟಿಗಳಾದವು. ಉದ್ಯಾನದ ಗಡಿಯ ಆಚೆ ಅದೇ ಬಂಡೆ, ಅದೇ ಬಣ್ಣ ಮುಂದುವರಿಯುತ್ತದೆ. ಬೋರ್ಡ್ ಮಾತ್ರ ಬದಲಾಗುತ್ತದೆ.

ಕಣಿವೆ ಬೇಕಾದರೆ ಬಿಎಲ್‌ಎಂ ಜಮೀನು ಹುಡುಕಿ. ಬೆಟ್ಟ ಬೇಕಾದರೆ ಫಾರೆಸ್ಟ್ ಸರ್ವಿಸ್ ಜಮೀನು. ಅದರಲ್ಲೂ 'ವಿಲ್ಡರ್‌ನೆಸ್' ಅಂತ ಗುರುತಾದ ಭಾಗಗಳನ್ನು ಮೊದಲು ನೋಡಿ. 1964ರ ವಿಲ್ಡರ್‌ನೆಸ್ ಕಾಯ್ದೆಯ ಪ್ರಕಾರ ಅಲ್ಲಿ ಹೊಸ ರಸ್ತೆ ಮಾಡುವ ಹಾಗಿಲ್ಲ, ಮೋಟಾರು ವಾಹನ ಓಡಿಸುವ ಹಾಗಿಲ್ಲ, ಸೈಕಲ್ಲಿಗೂ ಅವಕಾಶವಿಲ್ಲ. ಹಲವು ದಿನ ನಡೆಯುವವರಿಗೆ ಇದಕ್ಕಿಂತ ಒಳ್ಳೆಯ ಗುರುತು ಇಲ್ಲ. ಇಡಾಹೊದ ಫ್ರ್ಯಾಂಕ್ ಚರ್ಚ್ ರಿವರ್ ಆಫ್ ನೋ ರಿಟರ್ನ್ ವಿಲ್ಡರ್‌ನೆಸ್ 23 ಲಕ್ಷ ಎಕರೆಗಿಂತ ದೊಡ್ಡದು. ನ್ಯೂ ಮೆಕ್ಸಿಕೊದ ಹೀಲಾ, 1924ರಲ್ಲೇ ವಿಲ್ಡರ್‌ನೆಸ್ ಆಗಿ ಗುರುತಾದ ಮೊದಲ ಜಾಗ. ಕಣಿವೆ, ಬೆಟ್ಟ ಎರಡೂ ಅಲ್ಲಿವೆ. ಹೀಲಾ ನದಿಯ ಮಿಡಲ್ ಫೋರ್ಕ್ ಹಿಡಿದು ನಡೆದರೆ ನೀರನ್ನು ಹತ್ತಾರು ಸಲ ದಾಟಬೇಕು, ದಿನವಿಡೀ ಶೂ ಒದ್ದೆ. ಬಹಳ ಜನಕ್ಕೆ ಅದು ಆಗಿಬರುವುದಿಲ್ಲ. ನಿಮಗೆ ಒದ್ದೆ ಶೂ ದೊಡ್ಡ ವಿಷಯ ಅಲ್ಲದಿದ್ದರೆ ಆ ಕಣಿವೆ ನಿಮಗಾಗಿಯೇ ಇದೆ.

ಬುಡಕಟ್ಟು ಜನರ ಜಮೀನಿನ ಗಡಿಯನ್ನು ಎಚ್ಚರದಿಂದ ನೋಡಿಕೊಳ್ಳಿ. ವಿಂಡ್ ರಿವರ್ ಬೆಟ್ಟಗಳ ಪೂರ್ವ ಭಾಗದ ಒಂದಷ್ಟು ಜಾಗ ಈಸ್ಟರ್ನ್ ಶೋಶೋನಿ ಮತ್ತು ನಾರ್ದರ್ನ್ ಅರಾಪಹೊ ಜನರದ್ದು. ಅಲ್ಲಿ ಕಾಲಿಡಲು ಅವರದ್ದೇ ಪರ್ಮಿಟ್ ಬೇಕು. ಅದು ಅವರ ಮನೆ. ಕೇಳಿಯೇ ಹೋಗಬೇಕು.

ಹೆಜ್ಜೆ 3: ನಕ್ಷೆಯನ್ನು ನಿಧಾನವಾಗಿ ಓದಿ

ಈ ಕೆಲಸಕ್ಕೆ ನಾನು ಎಷ್ಟೋ ಸಂಜೆಗಳನ್ನು ಕೊಟ್ಟಿದ್ದೇನೆ, ಒಂದೂ ವ್ಯರ್ಥ ಅನ್ನಿಸಿಲ್ಲ. ಅಮೆರಿಕದ ಭೂವಿಜ್ಞಾನ ಸಮೀಕ್ಷೆ ಸಂಸ್ಥೆ ಯುಎಸ್‌ಜಿಎಸ್ ತಯಾರಿಸಿದ 1:24,000 ಅಳತೆಯ ನಕ್ಷೆಗಳು ಉಚಿತವಾಗಿ ಸಿಗುತ್ತವೆ. ಕ್ಯಾಲ್‌ಟೋಪೊ, ಗಾಯಾ ಥರದ ಜಾಲತಾಣಗಳಲ್ಲಿ ಅವನ್ನು ಉಪಗ್ರಹ ಚಿತ್ರದ ಮೇಲೆ ಇಟ್ಟು ನೋಡಬಹುದು.

ಮೊದಲು ಹುಡುಕಬೇಕಾದ್ದು ಎರಡನೇ ಬಾಗಿಲು. ಪ್ರಸಿದ್ಧ ಜಾಗಕ್ಕೆ ಎಲ್ಲರೂ ಬಳಸುವ ಒಂದು ಟ್ರೈಲ್‌ಹೆಡ್ ಇರುತ್ತದೆ. ಅದೇ ಕಾಡಿಗೆ ಇನ್ನೂ ನಾಲ್ಕೈದು ಬಾಗಿಲುಗಳಿರುತ್ತವೆ. ಅವು ಕೆಳಗಿನ ಎತ್ತರದಿಂದ ಶುರುವಾಗುತ್ತವೆ, ಮೂರು ಸಾವಿರ ಅಡಿ ಜಾಸ್ತಿ ಹತ್ತಬೇಕಾಗುತ್ತದೆ. ಎರಡನೇ ದಿನ ಮಧ್ಯಾಹ್ನದವರೆಗೆ ಹೇಳಿಕೊಳ್ಳುವಂಥ ನೋಟ ಸಿಗುವುದಿಲ್ಲ. ಎರಡು ರಾತ್ರಿಯ ರಜೆ ಇರುವವರು ಅಲ್ಲಿಗೆ ಬರುವುದೇ ಇಲ್ಲ. ನಿಮ್ಮ ಹತ್ತಿರ ಐದು ದಿನ ಇದ್ದರೆ ಆ ಒಂದೂವರೆ ದಿನದ ನಡಿಗೆಯೇ ನಿಮಗೂ ಜನಸಂದಣಿಗೂ ನಡುವಿನ ಬೇಲಿ.

ಎರಡನೆಯದು, ಜೋಡಣೆ. ಎರಡು ಪಕ್ಕಪಕ್ಕದ ಕಣಿವೆಗಳಲ್ಲಿ ಎರಡು ದಾರಿಗಳಿವೆ, ಅವು ಒಂದಕ್ಕೊಂದು ಸೇರುವುದಿಲ್ಲ ಅಂದುಕೊಳ್ಳಿ. ನಡುವೆ ಒಂದು ಹುಲ್ಲಿನ ತಗ್ಗು ಪಾಸ್ ಇದೆ. ಅದನ್ನು ದಾರಿಯಿಲ್ಲದೆ ದಾಟಬಹುದಾದರೆ ಯಾವ ಪುಸ್ತಕದಲ್ಲೂ ಇಲ್ಲದ ಲೂಪ್ ನಿಮಗೆ ಸಿಕ್ಕಿತು. ಕಾಂಟೂರ್ ಗೆರೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು, ಎರಡೂ ಕಡೆ ಬಿಡಿಬಿಡಿಯಾಗಿ, ಸಮನಾಗಿ ಇರುವ ಪಾಸ್‌ಗಳನ್ನೇ ಆರಿಸಿ. ಗೆರೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಬಿಟ್ಟುಬಿಡಿ.

ಬೆಟ್ಟದಲ್ಲಿ ಈ ಓದು ಬಹಳ ಮಟ್ಟಿಗೆ ನಂಬಬಹುದಾದ್ದು. ಕಣಿವೆಯಲ್ಲಿ ಹಾಗಲ್ಲ. ಅನೇಕ ನಕ್ಷೆಗಳಲ್ಲಿ ಎರಡು ಕಾಂಟೂರ್ ಗೆರೆಗಳ ನಡುವಿನ ಎತ್ತರ 40 ಅಡಿ. ಅಂದರೆ 30 ಅಡಿಯ ಕಡಿದಾದ ಬಂಡೆ ಆ ಎರಡು ಗೆರೆಗಳ ನಡುವೆ ಕಾಣದ ಹಾಗೆ ಅಡಗಿರಬಹುದು. ಮಳೆ ಬಂದಾಗ ಜಲಪಾತವಾಗುವ ಇಂಥ ಒಣ ಮೆಟ್ಟಿಲಿಗೆ ಅಲ್ಲಿನವರು ಪೋರ್‌ಆಫ್ ಅನ್ನುತ್ತಾರೆ. ನಕ್ಷೆಯಲ್ಲಿ ಸಲೀಸಾಗಿ ಇಳಿಯುವ ಹಳ್ಳದ ಹಾಗೆ ಕಾಣುತ್ತದೆ, ಹೋಗಿ ನಿಂತರೆ ಕಾಲ ಕೆಳಗೆ ಗಾಳಿ. ಆದ್ದರಿಂದ ಕಣಿವೆ ಸೀಮೆಯಲ್ಲಿ ಯಾರೂ ನಡೆದ ದಾಖಲೆ ಇಲ್ಲದ ಹಳ್ಳಕ್ಕೆ ನಕ್ಷೆಯೊಂದನ್ನೇ ನಂಬಿ ಇಳಿಯಬೇಡಿ. ಹಗ್ಗವಿಲ್ಲದೆ ಹತ್ತಿ ವಾಪಸ್ ಬರಲಾಗದ ಕಡೆ ಕೆಳಗೆ ಜಾರಬೇಡಿ. ಇದು ನನ್ನ ಕಟ್ಟುನಿಟ್ಟಿನ ನಿಯಮ.

ಮೂರನೆಯದು, ಉಪಗ್ರಹ ಚಿತ್ರಗಳ ದಿನಾಂಕ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಐದು ದಿನಕ್ಕೊಮ್ಮೆ ಅದೇ ಜಾಗದ ಚಿತ್ರ ತೆಗೆಯುತ್ತವೆ, 10 ಮೀಟರ್ ಸ್ಪಷ್ಟತೆಯಲ್ಲಿ. ಕೋಪರ್ನಿಕಸ್ ಬ್ರೌಸರ್ ಎಂಬ ತಾಣದಲ್ಲಿ ಉಚಿತವಾಗಿ ನೋಡಬಹುದು. ಪಾಸ್ ಮೇಲೆ ಈ ವಾರ ಹಿಮ ಇದೆಯೋ, ಸರೋವರದ ಮಂಜುಗಡ್ಡೆ ಕರಗಿದೆಯೋ, ಎಲ್ಲಿ ಕಾಡ್ಗಿಚ್ಚಿನ ಕಪ್ಪು ಗುರುತಿದೆಯೋ ಎಲ್ಲ ಕಾಣುತ್ತದೆ. ಕಣಿವೆಯ ಸಣ್ಣ ತೊರೆ ಕಾಣುವುದಿಲ್ಲ. ಆದರೆ ಒಣ ಬಂಡೆಗಳ ನಡುವೆ ದಟ್ಟ ಹಸಿರಿನ ಗೆರೆ ಇದ್ದರೆ ಅಲ್ಲಿ ಕಾಟನ್‌ವುಡ್ ಮರಗಳಿವೆ, ಬೇರಿನ ಕೆಳಗೆ ಎಲ್ಲೋ ನೀರಿದೆ ಅಂತ ಅರ್ಥ. ಕುಡಿಯುವಷ್ಟು ಮೇಲೆ ಬಂದಿದೆಯೋ ಇಲ್ಲವೋ, ಅದು ಬೇರೆ ಪ್ರಶ್ನೆ.

ಹೆಜ್ಜೆ 4: ದಿನ ಬದಲಿಸಿ ನೋಡಿ

ಜಾಗ ಬದಲಿಸಲು ಆಗದಿದ್ದರೆ ದಿನ ಬದಲಿಸಿ. ಭಾನುವಾರ ಮಧ್ಯಾಹ್ನ ಹೊರಡಿ. ಎಲ್ಲರೂ ಇಳಿದು ಬರುತ್ತಿರುವಾಗ ನೀವು ಹತ್ತುತ್ತಿರುತ್ತೀರಿ. ಗುರುವಾರ ವಾಪಸ್ ಬಂದರೆ ನಾಲ್ಕು ರಾತ್ರಿ ಸಿಕ್ಕ ಹಾಗಾಯಿತು.

ಎತ್ತರದ ಬೆಟ್ಟಗಳಲ್ಲಿ ಜುಲೈ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ನಡೆಯುವ ಕಾಲ. ಸೆಪ್ಟೆಂಬರ್ ಮೊದಲ ಸೋಮವಾರ ಲೇಬರ್ ಡೇ. ಅದಾದ ಮಾರನೇ ದಿನದಿಂದ ದಾರಿಗಳು ಖಾಲಿಯಾಗುತ್ತವೆ. ಸೊಳ್ಳೆಯೂ ಹೋಗಿರುತ್ತದೆ, ಆಸ್ಪೆನ್ ಮರಗಳು ಹಳದಿಯಾಗುತ್ತಿರುತ್ತವೆ. ನನ್ನನ್ನು ಕೇಳಿದರೆ ವರ್ಷದ ಅತ್ಯುತ್ತಮ ಎರಡು ವಾರ ಅದು. ಬದಲಿಗೆ ಏನು ಹೊರಬೇಕು? ರಾತ್ರಿ ಕೊರೆಯುವ ಚಳಿ, ಬೇಗ ಬರುವ ಕತ್ತಲೆ, ಯಾವಾಗ ಬೇಕಾದರೂ ಬೀಳಬಹುದಾದ ಹಿಮ. ಬೇಟೆಯ ಕಾಲವೂ ಶುರುವಾಗಿರುತ್ತದೆ, ಎದ್ದು ಕಾಣುವ ಕಿತ್ತಳೆ ಬಣ್ಣದ ಬಟ್ಟೆ ಹಾಕಿಕೊಳ್ಳಿ.

ಯೂಟಾ, ಅರಿಜೋನಾದ ಕಣಿವೆಗಳಿಗೆ ಮಾರ್ಚ್ ಮಧ್ಯದಿಂದ ಮೇ, ಆಮೇಲೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರ ಸರಿಯಾದ ಕಾಲ. ವಸಂತದ ಶಾಲಾ ರಜೆಯ ವಾರಗಳಲ್ಲಿ ಜನ ಜಾಸ್ತಿ. ನವೆಂಬರ್‌ನಲ್ಲಿ ಹೋದರೆ ಹಗಲು ಹತ್ತೂವರೆ ಗಂಟೆಯಷ್ಟೇ ಇರುತ್ತದೆ, ಆಳದ ಕಣಿವೆಗೆ ಬಿಸಿಲು ಬೀಳುವುದು ಇನ್ನೂ ಕಡಿಮೆ ಹೊತ್ತು. ಉದ್ದದ ರಾತ್ರಿಗೆ ಬೆಚ್ಚಗಿನ ಮಲಗುಚೀಲ ಇದ್ದರೆ ಸಾಕು, ಮೌನ ಪೂರ್ತಿ ನಿಮ್ಮದು. ಬೇಸಿಗೆಯಲ್ಲಿ ಕಣಿವೆ ಖಾಲಿ ಇರುತ್ತದೆ ಅಂತ ಹೋಗಬೇಡಿ. ಗ್ರ್ಯಾಂಡ್ ಕ್ಯಾನ್ಯನ್ ತಳದಲ್ಲಿ ಆಗ ನೆರಳಲ್ಲೂ 100 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ. ಆ ಖಾಲಿತನದ ಕಾರಣವನ್ನು ಯಾರೂ ಹೊರಲಾರರು.

ಹೆಜ್ಜೆ 5: ಪರ್ಮಿಟ್ ಕಂಡರೆ ಹೆದರಬೇಡಿ

ಪರ್ಮಿಟ್ ಬೇಕಾಗದ ಜಾಗವೇ ಒಳ್ಳೆಯದು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನಿಜ, ವಿಂಡ್ ರಿವರ್‌ನ ಬ್ರಿಡ್ಜರ್ ವಿಲ್ಡರ್‌ನೆಸ್, ಯೂಟಾದ ಹೈ ಯೂಯಿಂಟಾಸ್, ನ್ಯೂ ಮೆಕ್ಸಿಕೊದ ಹೀಲಾ, ಇವುಗಳಲ್ಲೆಲ್ಲ ನಮ್ಮಂಥ ಸಣ್ಣ ಗುಂಪಿನವರು ಪರ್ಮಿಟ್ ಇಲ್ಲದೆ ರಾತ್ರಿ ತಂಗಬಹುದು. ಮನಸ್ಸು ಬಂದಾಗ ಹೊರಡುವ ಸ್ವಾತಂತ್ರ್ಯ ದೊಡ್ಡದು. ಆದರೆ ಪರ್ಮಿಟ್ ಕೆಲವೊಮ್ಮೆ ನಮ್ಮ ಪರವಾಗಿ ಕೆಲಸ ಮಾಡುತ್ತದೆ.

ಯೂಟಾ ಮತ್ತು ಅರಿಜೋನಾ ಗಡಿಯ ಪರಿಯಾ ಕ್ಯಾನ್ಯನ್ ನೋಡಿ. ವೈಟ್ ಹೌಸ್ ಎಂಬ ಟ್ರೈಲ್‌ಹೆಡ್‌ನಿಂದ ಲೀಸ್ ಫೆರಿವರೆಗೆ 38 ಮೈಲಿ. ರಾತ್ರಿ ತಂಗುವವರು ದಿನಕ್ಕೆ 20 ಜನ ಮಾತ್ರ ಒಳಗೆ ಹೊರಡಬಹುದು. ಹೆಸರು ಪ್ರಸಿದ್ಧ, ಆದರೂ ಎರಡನೇ ದಿನದ ಹೊತ್ತಿಗೆ ಕಣಿವೆಯಲ್ಲಿ ನಿಮ್ಮ ಹೆಜ್ಜೆ ಸದ್ದೇ ಕೇಳುತ್ತದೆ. ಪರ್ಮಿಟ್ ಸಿಗುವುದಷ್ಟೇ ಕಷ್ಟ, ಸಿಕ್ಕಮೇಲೆ ಏಕಾಂತ ಖಾತ್ರಿ.

ಗ್ರ್ಯಾಂಡ್ ಕ್ಯಾನ್ಯನ್‌ನಲ್ಲೂ ಇದೇ ಲೆಕ್ಕ ಹಾಕಬಹುದು. ಉದ್ಯಾನದವರು ಕಣಿವೆಯನ್ನು ಕಾರಿಡಾರ್, ಥ್ರೆಶೋಲ್ಡ್, ಪ್ರಿಮಿಟಿವ್, ವೈಲ್ಡ್ ಅಂತ ನಾಲ್ಕು ಬಗೆಯ ವಲಯ ಮಾಡಿದ್ದಾರೆ. ಬ್ರೈಟ್ ಏಂಜೆಲ್, ಕೈಬಾಬ್ ದಾರಿಗಳಿರುವ ಕಾರಿಡಾರ್‌ಗೆ ಅರ್ಜಿ ಹಾಕುವವರು ಬಹಳ. ಟೋಂಟೊ ದಾರಿಯ ದೂರದ ತುಂಡುಗಳಿಗೆ ಪೈಪೋಟಿ ಅಷ್ಟಿಲ್ಲ. ಆದರೆ ಅಲ್ಲಿ ನಲ್ಲಿ ಇಲ್ಲ, ನೆರಳಿಲ್ಲ, ರೇಂಜರ್ ಇಲ್ಲ. ಮೊದಲ ಸಲ ಆ ಕಣಿವೆಗೆ ಇಳಿಯುವವರು ಕಾರಿಡಾರ್‌ನಲ್ಲೇ ಹೋಗಿ, ತಪ್ಪೇನಿಲ್ಲ. ಎರಡನೇ ಸಲಕ್ಕೆ ಟೋಂಟೊ ಇರಲಿ.

ಯಾರೋ ರದ್ದು ಮಾಡಿದ ಪರ್ಮಿಟ್‌ಗಳು ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ. ಹೊರಡುವ ದಿನ ಹತ್ತಿರವಾದಂತೆ ಬೆಳಿಗ್ಗೆ ಸಂಜೆ ಒಮ್ಮೆ ನೋಡುತ್ತಿರಿ. ಇಬ್ಬರೇ ಇದ್ದರೆ ಸಿಗುವ ಸಾಧ್ಯತೆ ಜಾಸ್ತಿ.

ಹೆಜ್ಜೆ 6: ರೇಂಜರ್ ಆಫೀಸಿಗೆ ಫೋನ್ ಮಾಡಿ

ಮೇಲ್ ಸಾಲದು, ಫೋನ್ ಮಾಡಿ. "ಜನ ಇಲ್ಲದ ಒಳ್ಳೆಯ ದಾರಿ ಯಾವುದು?" ಅಂತ ಕೇಳಿದರೆ ಎಲ್ಲರಿಗೂ ಹೇಳುವ ಉತ್ತರವೇ ಸಿಗುತ್ತದೆ. ಮೊದಲೇ ನಕ್ಷೆ ಓದಿ, ನಿರ್ದಿಷ್ಟವಾಗಿ ಕೇಳಿ. ಈ ದಾರಿಯಲ್ಲಿ ಬಿದ್ದ ಮರಗಳನ್ನು ಕೊನೆಯ ಸಲ ಯಾವಾಗ ತೆಗೆದರು? ಈ ಬುಗ್ಗೆಯಲ್ಲಿ ನೀರಿದೆ ಅಂತ ಯಾರಾದರೂ ಈ ತಿಂಗಳು ನೋಡಿ ಬಂದಿದ್ದಾರಾ? ಮಳೆ ಬಂದರೆ ರಸ್ತೆ ಎಷ್ಟು ದಿನದಲ್ಲಿ ಒಣಗುತ್ತದೆ? ಟ್ರೈಲ್‌ಹೆಡ್‌ನ ರಿಜಿಸ್ಟರ್‌ನಲ್ಲಿ ವಾರಕ್ಕೆ ಎಷ್ಟು ಹೆಸರು ಇರುತ್ತವೆ?

ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ಯಾವ ಆ್ಯಪ್ ಹೇಳುವುದಕ್ಕಿಂತಲೂ ಒಳ್ಳೆಯದು. ನೀವು ಮೊದಲೇ ತಯಾರಿ ಮಾಡಿಕೊಂಡಿದ್ದೀರಿ ಅಂತ ಗೊತ್ತಾದರೆ ಅವರ ದನಿಯೇ ಬದಲಾಗುತ್ತದೆ. "ಅಲ್ಲಿಗಿಂತ ಪಕ್ಕದ ಕಣಿವೆ ನೋಡಿ" ಅಂತ ಅವರಾಗಿಯೇ ಹೇಳಿದ್ದು ನನಗೆ ಎರಡು ಸಲ ಆಗಿದೆ. ಎರಡೂ ಸಲ ಅವರ ಮಾತು ಕೇಳಿ ಹೋದೆ, ಎರಡೂ ನೆನಪಿನಲ್ಲಿ ಉಳಿದ ಚಾರಣಗಳು.

ಹೆಜ್ಜೆ 7: ಕಣಿವೆಯಲ್ಲಿ ನೀರಿನ ಲೆಕ್ಕ

ಕಣಿವೆ ಸೀಮೆ ಖಾಲಿ ಇರಲು ಬಹಳ ಸಲ ನೀರೇ ಕಾರಣ. ಒಂದೋ ನೀರಿರುವುದಿಲ್ಲ, ಇಲ್ಲವೇ ಒಮ್ಮೆಗೇ ಬರುತ್ತದೆ.

ಇಲ್ಲದ ನೀರಿನ ಮಾತು ಮೊದಲು. ನಕ್ಷೆಯ ನೀಲಿ ಗೆರೆಯನ್ನು ನಂಬಬೇಡಿ. ಒಮ್ಮೆ ಯೂಟಾದಲ್ಲಿ ನಕ್ಷೆಯಲ್ಲಿದ್ದ ಬುಗ್ಗೆಯೊಂದನ್ನು ನೆಚ್ಚಿಕೊಂಡು ನಾನು ಎರಡೂವರೆ ಲೀಟರ್ ಹೊತ್ತು ಹೊರಟೆ. ಮಧ್ಯಾಹ್ನ ಅಲ್ಲಿ ಹೋದರೆ ಒಡೆದ ಕೆಸರು, ಅದರ ಮೇಲೆ ಜಿಂಕೆಯ ಗೊರಸಿನ ಗುರುತು, ಅಷ್ಟೇ. ಉಳಿದ ಒಂದು ಲೀಟರ್ ಹಿಡಿದುಕೊಂಡು ಸಂಜೆ ತಂಪಾಗುವವರೆಗೆ ಬಂಡೆಯ ನೆರಳಲ್ಲಿ ಕೂತು, ಟಾರ್ಚ್ ಬೆಳಕಲ್ಲಿ ಬಂದ ದಾರಿಯಲ್ಲೇ ವಾಪಸ್ ನಡೆದೆ. ಅವತ್ತಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಪ್ರತಿ ನೀರಿನ ಜಾಗಕ್ಕೂ ಮುಂದಿನದು ಒಣಗಿದ್ದರೆ ಏನು ಮಾಡಬೇಕು ಅಂತ ಮೊದಲೇ ಬರೆದಿಡುವುದು. ಅಲ್ಲಿಂದ ವಾಪಸ್ ಬರುವಷ್ಟು ನೀರು ಚೀಲದಲ್ಲಿ ಇರಲೇಬೇಕು. ಬಿಸಿಲಿನ ದಿನ ಒಬ್ಬರಿಗೆ ಕನಿಷ್ಠ 4 ಲೀಟರ್, ರಾತ್ರಿ ಒಣ ಜಾಗದಲ್ಲಿ ತಂಗುವುದಾದರೆ ಅಡುಗೆಗೆ ಇನ್ನೂ 2 ಲೀಟರ್ ಅಂತ ಲೆಕ್ಕ ಇಡುತ್ತೇನೆ. ಒಂದು ಲೀಟರ್ ಅಂದರೆ ಒಂದು ಕಿಲೋ. ಆರು ಕಿಲೋ ಬೆನ್ನಿಗೆ ಭಾರವೇ. ಆ ಭಾರವೇ ಆ ಜಾಗದ ಟಿಕೆಟ್.

ಕೆಂಪು ಮಣ್ಣು ಕಲಸಿದ ನೀರು ಫಿಲ್ಟರ್ ಕಟ್ಟಿಕೊಳ್ಳುವ ಹಾಗೆ ಮಾಡುತ್ತದೆ. ಮಡಚುವ ಬಕೆಟ್ ಒಯ್ದು ರಾತ್ರಿ ತುಂಬಿಟ್ಟರೆ ಬೆಳಿಗ್ಗೆ ಮಣ್ಣು ತಳ ಸೇರಿರುತ್ತದೆ. ಚಿಟಿಕೆ ಪಟಿಕದ ಪುಡಿ ಹಾಕಿದರೆ ಇನ್ನೂ ಬೇಗ ತಿಳಿಯಾಗುತ್ತದೆ. ಆಮೇಲೆ ಫಿಲ್ಟರ್ ಮಾಡಿ. ಮಳೆ ಬಿದ್ದ ಒಂದೆರಡು ದಿನ ಬಂಡೆಯ ಹೊಂಡಗಳಲ್ಲಿ ನೀರು ಸಿಗುತ್ತದೆ. ಸಣ್ಣ ಹೊಂಡಗಳಲ್ಲಿ ಕೈ ಕಾಲು ತೊಳೆಯಬೇಡಿ, ಆ ನೀರನ್ನೇ ನಂಬಿದ ಜೀವಿಗಳಿವೆ.

ಈಗ ಒಮ್ಮೆಗೇ ಬರುವ ನೀರು. 1997ರ ಆಗಸ್ಟ್ 12ರಂದು ಅರಿಜೋನಾದ ಆಂಟೆಲೋಪ್ ಕ್ಯಾನ್ಯನ್‌ನಲ್ಲಿ ಹಠಾತ್ ಪ್ರವಾಹಕ್ಕೆ 11 ಜನ ಸತ್ತರು. ಮಳೆ ಬಿದ್ದದ್ದು ಮೈಲಿಗಟ್ಟಲೆ ಮೇಲೆ. 2015ರ ಸೆಪ್ಟೆಂಬರ್ 14ರಂದು ಯೂಟಾದ ಜಯಾನ್ ಉದ್ಯಾನದ ಕೀಹೋಲ್ ಕ್ಯಾನ್ಯನ್‌ನಲ್ಲಿ 7 ಜನ ಸತ್ತರು. ನೆತ್ತಿಯ ಮೇಲಿನ ಆಕಾಶ ನೀಲಿಯಾಗಿದೆ ಅನ್ನುವುದು ಏನನ್ನೂ ಹೇಳುವುದಿಲ್ಲ. ನಿಮ್ಮ ಹಳ್ಳಕ್ಕೆ ನೀರು ಎಲ್ಲೆಲ್ಲಿಂದ ಹರಿದು ಬರುತ್ತದೆ ಅಂತ ನಕ್ಷೆಯಲ್ಲಿ ಗೆರೆ ಎಳೆಯಿರಿ, ಆ ಇಡೀ ಜಾಗದ ಹವಾಮಾನ ನೋಡಿ. ದಕ್ಷಿಣ ಯೂಟಾಕ್ಕೆ ನ್ಯಾಷನಲ್ ವೆದರ್ ಸರ್ವಿಸ್ ದಿನದಿನವೂ ಹಠಾತ್ ಪ್ರವಾಹದ ಸಾಧ್ಯತೆಯನ್ನು ಪ್ರಕಟಿಸುತ್ತದೆ. ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ ಅಲ್ಲಿ ಗುಡುಗು ಮಳೆಯ ಕಾಲ. ಆಗ ಇಕ್ಕಟ್ಟಾದ ಕೊರಕಲುಗಳಿಗೆ ಇಳಿಯಬೇಡಿ. ಯಾವ ಕಾಲದಲ್ಲೇ ಆಗಲಿ, ಟೆಂಟ್ ಹಾಕುವ ಮುಂಚೆ ಸುತ್ತ ನೋಡಿ. ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡ ಕಡ್ಡಿ, ಕಸ ಎಷ್ಟು ಎತ್ತರದಲ್ಲಿದೆಯೋ ಹಿಂದಿನ ನೀರು ಅಲ್ಲಿವರೆಗೆ ಬಂದಿತ್ತು. ಅದಕ್ಕಿಂತ ಮೇಲೆ ಮಲಗಿ.

ಹೆಜ್ಜೆ 8: ಬೆಟ್ಟದಲ್ಲಿ ಬಿದ್ದ ಮರ, ಗುಡುಗು, ಕರಡಿ

ಬೆಟ್ಟದ ದಾರಿ ಖಾಲಿ ಇದ್ದರೆ ಮೊದಲು ಅನುಮಾನಿಸಬೇಕಾದ್ದು ಬಿದ್ದ ಮರಗಳನ್ನು. ರಾಕಿ ಬೆಟ್ಟಗಳಲ್ಲಿ ತೊಗಟೆ ಕೊರೆಯುವ ಜೀರುಂಡೆಯಿಂದ ಸತ್ತ ಕಾಡುಗಳು ಮೈಲಿಗಟ್ಟಲೆ ಇವೆ. ಸತ್ತ ಮರಗಳು ಪ್ರತಿ ಚಳಿಗಾಲ ಬೀಳುತ್ತವೆ. ದಾರಿಯನ್ನು ಆ ವರ್ಷ ಬಿಡಿಸಿಲ್ಲದಿದ್ದರೆ ಗಂಟೆಗೆ ಒಂದು ಮೈಲಿ ಸಾಗುವುದೂ ಕಷ್ಟ. ಅಂಥ ಕಡೆ ನಾನು ದಿನದ ಮೈಲಿಯನ್ನು ಅರ್ಧಕ್ಕೆ ಇಳಿಸುತ್ತೇನೆ. ಗಾಳಿ ಬೀಸುವಾಗ ಸತ್ತ ಮರಗಳ ಕೆಳಗೆ ಟೆಂಟ್ ಹಾಕುವುದಿಲ್ಲ. ಮರಗಳ ಗೆರೆ ದಾಟಿ ಮೇಲೆ ಹೋದರೆ ಈ ಕಷ್ಟ ಮುಗಿಯಿತು. ಆಮೇಲಿನ ತೆರೆದ ಬಯಲಿಗಾಗಿಯೇ ಇಷ್ಟೆಲ್ಲ, ಅಲ್ವಾ?

ತೆರೆದ ಬಯಲಲ್ಲಿ ಮಿಂಚಿನ ಭಯ. ಬೇಸಿಗೆಯಲ್ಲಿ ಮಧ್ಯಾಹ್ನದ ಗುಡುಗು ದಿನವೂ ಬರಬಹುದು. ಬೆಳಿಗ್ಗೆ ಐದಕ್ಕೆ ಎದ್ದು ಹನ್ನೆರಡರೊಳಗೆ ಪಾಸ್ ದಾಟುವ ಹಾಗೆ ರಾತ್ರಿ ತಂಗುವ ಜಾಗ ಆರಿಸಿ. ಜೂನ್, ಜುಲೈನಲ್ಲಿ ಹೋಗುವವರು ಸ್ನೋಟೆಲ್ ಕೇಂದ್ರಗಳ ಹಿಮದ ಅಳತೆ ನೋಡಿಕೊಳ್ಳಿ. ಹಿಮ ಕರಗುವಾಗ ತೊರೆಗಳು ಬೆಳಿಗ್ಗೆ ತಗ್ಗಿ ಸಂಜೆ ಉಕ್ಕುತ್ತವೆ, ಹಾಗಾಗಿ ಬೆಳಿಗ್ಗೆಯೇ ದಾಟಿ. ವಿಂಡ್ ರಿವರ್, ಬೇರ್‌ಟೂತ್ ಕಡೆ ಗ್ರಿಜ್ಲಿ ಕರಡಿಗಳಿವೆ. ಬೇರ್ ಸ್ಪ್ರೇ ಕೈಗೆ ಸಿಗುವ ಕಡೆ ಇರಲಿ, ಊಟದ ಸಾಮಾನು ಗಟ್ಟಿ ಡಬ್ಬಿಯಲ್ಲಿ ಇರಲಿ.

ಹೆಜ್ಜೆ 9: ರಸ್ತೆ

ಫಾರೆಸ್ಟ್ ಸರ್ವಿಸ್‌ನವರು ಯಾವ ರಸ್ತೆಯಲ್ಲಿ ಯಾವ ವಾಹನ, ಯಾವ ತಿಂಗಳು ಓಡಬಹುದು ಅಂತ ತೋರಿಸುವ ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್ ಅನ್ನು ಉಚಿತವಾಗಿ ಕೊಡುತ್ತಾರೆ. ಅದನ್ನು ಫೋನಿಗೆ ಇಳಿಸಿಕೊಳ್ಳಿ. ಯೂಟಾದ ಎಸ್ಕಲಾಂಟೆ ಊರಿನ ಹತ್ತಿರದ ಹೋಲ್ ಇನ್ ದ ರಾಕ್ ರಸ್ತೆಯಂಥವು ಒಣಗಿದ್ದಾಗ ಸಾಮಾನ್ಯ ಕಾರಿಗೂ ಬಹಳ ದೂರ ಸಾಗುತ್ತವೆ. ಮಳೆ ಬಿದ್ದರೆ ಅದೇ ಜೇಡಿಮಣ್ಣು ದೊಡ್ಡ ಜೀಪನ್ನೂ ಹಿಡಿದಿಡುತ್ತದೆ. ಆದ್ದರಿಂದ ಕಾರಿನಲ್ಲಿ ಎರಡು ದಿನದ ಹೆಚ್ಚುವರಿ ನೀರು, ಊಟ ಇಟ್ಟುಬನ್ನಿ.

ಹೀಗೆ ಹುಡುಕಿದರೆ ಏನು ಸಿಗುತ್ತದೆ: ಒಂದು ಉದಾಹರಣೆ

ಆಗ್ನೇಯ ಯೂಟಾದ ನಕ್ಷೆ ತೆಗೆಯಿರಿ. ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್ ಉದ್ಯಾನಗಳಿಗೆ ಕೆಂಪು ಸುತ್ತು. ಬೇರ್ಸ್ ಇಯರ್ಸ್‌ನ ಗ್ರ್ಯಾಂಡ್ ಗಲ್ಚ್‌ಗೂ ಸುತ್ತು, ಹಳೆಯ ಪ್ಯೂಬ್ಲೋ ಜನರ ಮನೆಗಳಿರುವುದರಿಂದ ಅಲ್ಲಿಗೆ ಹೋಗುವವರು ಇದ್ದಾರೆ. ಉಳಿದ ಬಿಳಿ ಜಾಗದಲ್ಲಿ ಡಾರ್ಕ್ ಕ್ಯಾನ್ಯನ್ ಕಾಣುತ್ತದೆ. 1984ರಲ್ಲಿ ವಿಲ್ಡರ್‌ನೆಸ್ ಆದ ಜಾಗ. ವುಡನ್‌ಶೂ ಕಣಿವೆಯಲ್ಲಿ ಇಳಿದು ಪೀವೈನ್ ಕಡೆಯಿಂದ ಹತ್ತಿದರೆ ಸುಮಾರು 40 ಮೈಲಿಯ ಸುತ್ತು. ನಾಲ್ಕೈದು ದಿನ ಬೇಕು. ಶುರುವಿನಲ್ಲಿ ಪಾಂಡರೋಸಾ ಪೈನ್ ಕಾಡು, ಕೆಳಗೆ ಹೋದಂತೆ ಎತ್ತರದ ಬಂಡೆಗೋಡೆಗಳು. ಬೆಟ್ಟವೂ ಕಣಿವೆಯೂ ಒಂದೇ ನಡಿಗೆಯಲ್ಲಿ.

ಖಾಲಿ ಯಾಕೆ? ಟ್ರೈಲ್‌ಹೆಡ್‌ಗೆ ಹೋಗುವ ಮಣ್ಣುರಸ್ತೆ ಎಂಟು ಸಾವಿರ ಅಡಿ ಮೇಲಿದೆ, ವಸಂತದಲ್ಲಿ ಹಿಮ, ಆಮೇಲೆ ಕೆಸರು. ಕಣಿವೆಯ ಉದ್ದದ ತುಂಡುಗಳಲ್ಲಿ ನೀರಿಲ್ಲ. ಕೆಳಗಿನ ಭಾಗದಲ್ಲಿ ಬುಗ್ಗೆಯ ನೀರು ಹರಿಯುತ್ತದೆ, ಆದರೆ ಅಲ್ಲಿ ತಲುಪುವವರೆಗೆ ಹೊರಬೇಕು. ಮಾಂಟಿಸೆಲೊ ರೇಂಜರ್ ಆಫೀಸಿಗೆ ಫೋನ್ ಮಾಡಿ ರಸ್ತೆ ಒಣಗಿದೆಯೇ, ಯಾವ ಬುಗ್ಗೆ ಹರಿಯುತ್ತಿದೆ, ಪರ್ಮಿಟ್ ನಿಯಮ ಏನು ಅಂತ ಕೇಳಬೇಕು. ಮೇ ಕೊನೆ, ಇಲ್ಲವೇ ಅಕ್ಟೋಬರ್ ಮೊದಲ ಭಾಗ ಆರಿಸಬೇಕು. ಒಂದು ದಿನ ಆರು ಲೀಟರ್ ಹೊರಲು ತಯಾರಿದ್ದರೆ ಇದು ನಿಮ್ಮ ದಾರಿ. ಅಷ್ಟು ಹೊರಲು ಆಗುವುದಿಲ್ಲ, ಆದರೆ ಹತ್ತುವುದು ಕಷ್ಟವಲ್ಲ ಅನ್ನುವವರು ಯೂಯಿಂಟಾದ ಪೂರ್ವ ಭಾಗ ನೋಡಿ. ಅಲ್ಲಿ ಹೆಜ್ಜೆಹೆಜ್ಜೆಗೂ ಸರೋವರ, ನೀರಿನ ಚಿಂತೆಯೇ ಇಲ್ಲ. ಸುಮಾರು 100 ಮೈಲಿಯ ಹೈಲೈನ್ ಟ್ರೈಲ್‌ನ ಆ ತುದಿಯಲ್ಲಿ, ಚೆಪೀಟಾ ಲೇಕ್ ಕಡೆ, ಜನ ಕಡಿಮೆ. ಹೊರಬೇಕಾದ ತೊಂದರೆ ಉದ್ದದ ಮಣ್ಣುರಸ್ತೆ ಮತ್ತು ಮಧ್ಯಾಹ್ನದ ಗುಡುಗು.

ಹೊರಡುವ ಹಿಂದಿನ ದಿನ, ಮತ್ತೆ ಬಂದ ಮೇಲೆ

ಜನ ಇಲ್ಲದ ಕಡೆ ಕಾಲು ಉಳುಕಿದರೆ ದಾರಿಹೋಕರು ಸಿಗುವುದಿಲ್ಲ. ಉಪಗ್ರಹ ಮೆಸೆಂಜರ್ ಒಯ್ಯಿರಿ. ಐಫೋನ್ 14 ಮತ್ತು ಅದರ ನಂತರದ ಫೋನ್‌ಗಳಲ್ಲೂ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದು. ಆಳದ ಕಣಿವೆಯಲ್ಲಿ ಆಕಾಶ ಒಂದು ಪಟ್ಟಿಯಷ್ಟೇ ಕಾಣುವುದರಿಂದ ಸಂದೇಶ ತಡವಾಗುತ್ತದೆ. ಮನೆಯವರ ಕೈಗೆ ಒಂದು ಹಾಳೆ ಕೊಟ್ಟು ಹೋಗಿ. ದಾರಿ, ಪ್ರತಿ ರಾತ್ರಿಯ ಜಾಗ, ಕಾರಿನ ನಂಬರ್, ಯಾವ ದಿನ ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಆ ಕೌಂಟಿಯ ಶೆರಿಫ್ ಆಫೀಸಿಗೆ ಕರೆ ಮಾಡಬೇಕು, ಎಲ್ಲ ಅದರಲ್ಲಿ ಇರಲಿ. ದಾರಿ ಬದಲಿಸಿದರೆ ಆ ಹಾಳೆಯಲ್ಲಿ ಬರೆದ ಎರಡನೇ ದಾರಿಗೆ ಮಾತ್ರ ಬದಲಿಸಿ.

ಕಣಿವೆಯ ಮಣ್ಣಿನ ಮೇಲೆ ಕಪ್ಪು ಉಬ್ಬುಬ್ಬಾದ ಪದರ ಕಂಡರೆ ತುಳಿಯಬೇಡಿ. ಅದು ಜೀವಂತ ಪದರ, ಬೆಳೆಯಲು ಹತ್ತಾರು ವರ್ಷ ಬೇಕು. ಬಂಡೆಯ ಮೇಲೆ ಅಥವಾ ಹಳ್ಳದ ಮರಳಿನಲ್ಲಿ ನಡೆಯಿರಿ. ನೀರಿನಿಂದ 200 ಅಡಿ ದೂರ ಟೆಂಟ್ ಹಾಕಿ. ಪರಿಯಾದಂಥ ಕಣಿವೆಗಳಲ್ಲಿ ಮಲವನ್ನೂ ವ್ಯಾಗ್ ಬ್ಯಾಗ್ ಎಂಬ ಚೀಲದಲ್ಲಿ ವಾಪಸ್ ತರಬೇಕೆಂಬ ನಿಯಮವಿದೆ. ಹಳೆಯ ಮನೆ, ಮಡಕೆ ಚೂರು ಕಂಡರೆ ಇದ್ದ ಕಡೆಯೇ ಬಿಡಿ. ಫೋಟೋ ಹಂಚಿಕೊಳ್ಳುವಾಗ ಬೆಟ್ಟಸಾಲಿನ ಹೆಸರು ಸಾಕು, ನಕ್ಷೆಯ ಬಿಂದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ವಾಪಸ್ ಬಂದು ಸ್ನಾನ, ನಿದ್ದೆ ಆದ ಮೇಲೆ ಅದೇ ರೇಂಜರ್ ಆಫೀಸಿಗೆ ಇನ್ನೊಮ್ಮೆ ಫೋನ್ ಮಾಡಿ. ಯಾವ ಬುಗ್ಗೆಯಲ್ಲಿ ನೀರಿತ್ತು, ಯಾವುದು ಒಣಗಿತ್ತು, ಎಷ್ಟನೇ ಮೈಲಿಯಲ್ಲಿ ಮರಗಳು ಬಿದ್ದಿವೆ, ದಿನಾಂಕದ ಸಮೇತ ಹೇಳಿ. ಅವರು ಅದನ್ನು ಬರೆದುಕೊಳ್ಳುತ್ತಾರೆ. ಮುಂದಿನ ವಾರ ಅದೇ ಪ್ರಶ್ನೆ ಕೇಳುವವರಿಗೆ ಸಿಗುವುದು ನಿಮ್ಮ ಉತ್ತರ.